ನುಚ್ಚು, ತೌಡು, ಹಕ್ಕಲು: ಮಲಪ್ರಭೆಯ ಸೀಮೆಯಲ್ಲಿ ಮನೆಸಾಕಣೆಯ ಚರಿತ್ರೆ

ಬೆಳಗಾವಿ ಜಿಲ್ಲೆಯ ಕಿತ್ತೂರು, ಬೈಲಹೊಂಗಲ, ಸವದತ್ತಿ ಮತ್ತು ರಾಮದುರ್ಗ ಭಾಗದ ಹಳ್ಳಿಗಳಲ್ಲಿ ಹಿತ್ತಿಲಲ್ಲೋ ಅಂಗಳದ ಮೂಲೆಯಲ್ಲೋ ನಾಲ್ಕಾರು ಕೋಳಿಗಳನ್ನು, ಒಂದೆರಡು ಆಡುಗಳನ್ನು ಅಡುಗೆಮನೆಯಲ್ಲಿ ಮಿಕ್ಕಿದ್ದರಿಂದಲೇ ಸಾಕಿಕೊಂಡು ಬಂದ ಪದ್ಧತಿ ಬಹಳ ಹಳೆಯದು. ಆದರೂ ಈ ಸೀಮೆಯ ಒಕ್ಕಲುತನದ ಚರಿತ್ರೆಯನ್ನು ಬರೆದವರ ಕಣ್ಣು ಎತ್ತು, ಎಮ್ಮೆ, ಹತ್ತಿ, ಜೋಳಗಳ ಮೇಲೆ ನೆಟ್ಟಷ್ಟು ಈ ಪುಟ್ಟ ಸಾಕಣೆಯ ಮೇಲೆ ನೆಡಲಿಲ್ಲ. ಕುರುಬರು ನೂರಾರು ಕುರಿಗಳ ಹಿಂಡು ಕಟ್ಟಿಕೊಂಡು ಊರಿಂದೂರಿಗೆ ಮೇಯಿಸುತ್ತ ಸಾಗುವ ವೃತ್ತಿಯೂ, ಒಕ್ಕಲಿಗರು ಹಾಲು ಹೈನಕ್ಕಾಗಿ ಎಮ್ಮೆ ಆಕಳುಗಳನ್ನು ಕಟ್ಟುವ ರೂಢಿಯೂ ಇದರಿಂದ ಬೇರೆಯಾದವು. ಅವುಗಳಿಗೆ ಮೇವು ಬೇಕು, ಮೇವಿಗೆ ಹೊಲವೋ ಹುಲ್ಲುಗಾವಲೋ ಬೇಕು. ಮನೆಸಾಕಣೆಯ ಪ್ರಾಣಿಗೆ ಹೊಲದ ಹಂಗಿರಲಿಲ್ಲ. ಅದು ಬದುಕುತ್ತಿದ್ದುದು ಧಾನ್ಯವು ಕಣದಿಂದ ತಾಟಿಗೆ ಬರುವ ದಾರಿಯಲ್ಲಿ ಹೆಜ್ಜೆಹೆಜ್ಜೆಗೂ ಉದುರಿದ, ಜರಡಿಯಲ್ಲಿ ನಿಂತ, ತೊಳೆದು ಚೆಲ್ಲಿದ ಭಾಗದ ಮೇಲೆ. ಆದುದರಿಂದ ಈ ಸೀಮೆಯ ಕೋಳಿ ಮತ್ತು ಆಡಿನ ಚರಿತ್ರೆಯನ್ನು ಜೋಳದ ಚರಿತ್ರೆಯಿಂದ ಬಿಡಿಸಿ ಓದಲು ಬರುವುದಿಲ್ಲ. ಜೋಳವನ್ನು ಮನೆಯಲ್ಲಿ ಕೂಡಿಡುವ, ಕೇರುವ, ಕುಟ್ಟುವ, ಬೀಸುವ ಕೆಲಸಗಳು ಇದ್ದಷ್ಟು ಕಾಲ ಈ ಸಾಕಣೆ ತಾನಾಗಿಯೇ ನಡೆಯಿತು, ಆ ಕೆಲಸಗಳು ಒಂದೊಂದಾಗಿ ಮನೆಯ ಹೊರಗೆ ಹೋದಂತೆ ಅದರ ನೆಲೆಯೂ ಸಡಿಲವಾಯಿತು.

ನಾಲ್ಕು ಊರುಗಳೂ ಒಂದೇ ಜಿಲ್ಲೆಯವಾದರೂ ಅವುಗಳ ನೆಲ ಒಂದೇ ಬಗೆಯದಲ್ಲ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಸಹ್ಯಾದ್ರಿಯ ಕಾಡನ್ನು ಬಿಟ್ಟು ಮೂಡಣಕ್ಕೆ ಹರಿಯುವಾಗ ಕಿತ್ತೂರಿನ ಪಡುವಣ ಭಾಗದಲ್ಲಿ ಮಳೆ ಹೆಚ್ಚು, ಅಲ್ಲಿ ಭತ್ತದ ಗದ್ದೆಗಳಿವೆ. ಬೈಲಹೊಂಗಲ ಮತ್ತು ಸವದತ್ತಿಯ ಸುತ್ತ ಎರೆಭೂಮಿ, ಅಂದರೆ ತೇವವನ್ನು ಹಿಡಿದಿಟ್ಟುಕೊಳ್ಳುವ ಕಪ್ಪುಮಣ್ಣಿನ ಹೊಲಗಳು, ಹಿಂಗಾರಿಯ ಬಿಳಿಜೋಳಕ್ಕೂ ಹತ್ತಿಗೂ ಹೇಳಿ ಮಾಡಿಸಿದವು. ಸವದತ್ತಿಯ ಗುಡ್ಡಗಳನ್ನು ದಾಟಿ ರಾಮದುರ್ಗದ ಕಡೆ ಹೋದಂತೆ ಮಳೆ ಕಡಿಮೆಯಾಗಿ, ಮರಳುಗಲ್ಲಿನ ಬೋಳು ದಿಬ್ಬಗಳು, ಮಸಾರಿಯ ಕೆಂಪು ನೆಲ, ಜಾಲಿ ಮತ್ತು ಬಾರಿಯ ಮುಳ್ಳುಕಂಟಿಗಳು ಹೆಚ್ಚುತ್ತವೆ. ಈ ಇಳುಕಲಿಗೆ ತಕ್ಕಂತೆ ಸಾಕಣೆಯೂ ಬದಲಾಗುತ್ತ ಬಂದಿದೆ. ಪಡುವಣದಲ್ಲಿ ಭತ್ತ ಕುಟ್ಟಿದ ತೌಡು ನುಚ್ಚಕ್ಕಿಗಳ ಕೋಳಿ, ನಡುಭಾಗದಲ್ಲಿ ಜೋಳದ ಕೋಳಿ, ಮೂಡಣದಲ್ಲಿ ಕೋಳಿಗಿಂತ ಆಡಿನ ಪ್ರಾಬಲ್ಯ, ಹೀಗೆ ಒಂದೇ ನದಿಯ ದಂಡೆಯಲ್ಲಿ ಮೂರು ಬಗೆಯನ್ನು ಗುರುತಿಸಬಹುದು.

ಕೋಳಿಯ ಮೂಲವನ್ನು ಹುಡುಕಿದ ವಿದ್ವಾಂಸರ ಇತ್ತೀಚಿನ ತೀರ್ಮಾನಗಳು ಧಾನ್ಯಕ್ಕೂ ಕೋಳಿಗೂ ಇರುವ ಸಂಬಂಧವನ್ನು ಇನ್ನಷ್ಟು ಹಿಂದಕ್ಕೆ ಒಯ್ಯುತ್ತವೆ. ಊರಕೋಳಿಯು ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿಯಿಂದ ಬಂದುದೆಂಬುದು ಬಹುಕಾಲದಿಂದ ಗೊತ್ತಿದ್ದ ಸಂಗತಿ. ಆದರೆ ಕಾಡಿನ ಹಕ್ಕಿ ಮನುಷ್ಯರ ಬಳಿಗೆ ಏಕೆ ಬಂತೆಂಬುದಕ್ಕೆ, ಒಣಭೂಮಿಯಲ್ಲಿ ಭತ್ತ ಮತ್ತು ಕಿರುಧಾನ್ಯಗಳ ಬೇಸಾಯ ಹರಡಿದಾಗ ಹೊಲದಲ್ಲೂ ಮನೆಯ ಸುತ್ತಲೂ ಚೆಲ್ಲಿದ ಕಾಳೇ ಅದನ್ನು ಸೆಳೆದಿರಬೇಕೆಂಬ ಉತ್ತರವನ್ನು 2022ರಲ್ಲಿ ಪ್ರಕಟವಾದ ಸಂಶೋಧನೆಗಳು ಮುಂದಿಟ್ಟವು. ಥಾಯ್ಲೆಂಡಿನ ಬಾನ್ ನಾನ್ ವಾಟ್ ಎಂಬ ನೆಲೆಯಲ್ಲಿ ದೊರೆತ, ಕ್ರಿಸ್ತಪೂರ್ವ 1650 ರಿಂದ 1250ರ ನಡುವಿನ ಎಲುಬುಗಳು ಅದಕ್ಕೆ ಆಧಾರ. ಕಾಳನ್ನು ಉದುರಿಸುವ ಬೇಸಾಯವೇ ಕೋಳಿಯನ್ನು ಮನೆಗೆ ಕರೆತಂದಿತೆಂದಾದರೆ, ಮನೆಯಲ್ಲಿ ಮಿಕ್ಕಿದ್ದರಿಂದ ಅದನ್ನು ಸಾಕುವುದು ಆಮೇಲೆ ಹುಟ್ಟಿದ ಮಿತವ್ಯಯದ ಉಪಾಯವಲ್ಲ, ಮನುಷ್ಯರಿಗೂ ಆ ಹಕ್ಕಿಗೂ ನಡುವಿನ ಮೊದಲ ನಂಟೇ ಅದು. ಈ ಸೀಮೆಗೆ ಹತ್ತಿರದ ಇನ್ನೊಂದು ಸಂಗತಿಯೂ ಉಂಟು. ಊರಕೋಳಿಗಳ ಕಾಲು ಮತ್ತು ಚರ್ಮದ ಹಳದಿ ಬಣ್ಣಕ್ಕೆ ಕಾರಣವಾದ ವಂಶವಾಹಿಯು ಕೆಂಪು ಕಾಡುಕೋಳಿಯದಾಗಿರದೆ ಬೂದು ಕಾಡುಕೋಳಿಯಿಂದ ಬಂದುದೆಂದು 2008ರಲ್ಲಿ ತಿಳಿದುಬಂತು, ಮತ್ತು ಆ ಬೂದು ಕಾಡುಕೋಳಿಯು ಭಾರತದ ದಕ್ಷಿಣ ಮತ್ತು ಪಡುವಣ ಭಾಗಗಳಿಗೆ ಮಾತ್ರ ಸೇರಿದ ಹಕ್ಕಿ. ಕಿತ್ತೂರಿನ ಪಡುವಣಕ್ಕೆ ಹಬ್ಬಿದ ಖಾನಾಪುರದ ಕಾಡುಗಳಲ್ಲಿ ಅದು ಇಂದಿಗೂ ಇದೆ. ಬೆರಕೆ ಯಾವ ಊರಿನ ಬಳಿ ಆಯಿತೆಂದು ಹೇಳಲಾಗದಿದ್ದರೂ, ಲೋಕದ ಹಳದಿಗಾಲಿನ ಕೋಳಿಗಳೆಲ್ಲವೂ ಈ ಹಕ್ಕಿಯ ಪಾಲನ್ನು ಹೊತ್ತಿವೆ ಎಂಬುದು ಸಣ್ಣ ಮಾತಲ್ಲ.

ಜೋಳ ಮನೆಗೆ ಬರುವ ಬಗೆಯನ್ನು ವಿವರವಾಗಿ ನೋಡದೆ ಈ ಸಾಕಣೆಯ ಲೆಕ್ಕ ಅರ್ಥವಾಗುವುದಿಲ್ಲ. ಸುಗ್ಗಿಯಲ್ಲಿ ತೆನೆಗಳನ್ನು ಕೊಯ್ದು ಕಣಕ್ಕೆ ತಂದು, ಎತ್ತುಗಳನ್ನು ಸುತ್ತ ತಿರುಗಿಸಿ ಹಂತಿ ಹೊಡೆದು, ಗಾಳಿಗೆ ತೂರಿ ರಾಶಿ ಮಾಡುವಾಗ ಜೊಳ್ಳು, ಹೊಟ್ಟು ಮತ್ತು ಒಡೆದ ಕಾಳು ಬೇರೆಯಾಗುತ್ತಿದ್ದವು. ರಾಶಿ ಎತ್ತಿದ ಮೇಲೆ ಕಣವನ್ನು ಗುಡಿಸಿದಾಗ ಸಿಗುವ ಮಣ್ಣು ಬೆರೆತ ಕಾಳು ಕೂಲಿಯವರ, ಊರಿನ ಕಸುಬುಗಳನ್ನು ಮಾಡುವ ಆಯಗಾರರ ಮನೆಗಳಿಗೆ ಸೇರುತ್ತಿತ್ತು. ಕೊಯ್ಲಾದ ಹೊಲದಲ್ಲಿ ಬಿದ್ದ ತೆನೆಗಳನ್ನು ಆಯ್ದುಕೊಳ್ಳುವುದಕ್ಕೆ ಈ ಕಡೆ ಹಕ್ಕಲು ಆಯುವುದು ಎನ್ನುತ್ತಾರೆ. ಹೊಲವಿಲ್ಲದ ಮನೆಯ ಹೆಣ್ಣುಮಕ್ಕಳಿಗೂ ಮಕ್ಕಳಿಗೂ ಅದು ರೂಢಿಯಿಂದ ಬಂದ ಹಕ್ಕಾಗಿತ್ತು. ದೊಡ್ಡ ಒಕ್ಕಲುಗಳು ವರ್ಷದ ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದವು. ಹಗೇವೆಂದರೆ ಗಟ್ಟಿನೆಲದಲ್ಲಿ ತೋಡಿ, ಒಳಗೋಡೆಗೆ ಹುಲ್ಲು ರವದಿಗಳನ್ನು ಹಾಸಿ, ಕಾಳು ತುಂಬಿದ ಮೇಲೆ ಬಾಯಿಗೆ ಮಣ್ಣು ಮೆತ್ತಿ ಮುಚ್ಚುವ ಆಳವಾದ ಗುಂಡಿ. ಅದನ್ನು ತೆರೆದಾಗ ನಡುವಿನ ಕಾಳು ಕೆಡದೆ ಬಂದರೂ ಗೋಡೆಗೆ ತಗಲಿಕೊಂಡ, ತೇವ ತಾಕಿದ ಕಾಳು ಕಪ್ಪಾಗಿ ಮುಗ್ಗುಲು ವಾಸನೆ ಹಿಡಿದಿರುತ್ತಿತ್ತು. ಮನುಷ್ಯರು ತಿನ್ನಲಾರದ ಆ ಕಾಳು ದನಕ್ಕೂ ಕೋಳಿಗೂ ಹೋಗುತ್ತಿತ್ತು.

ಅಡುಗೆಮನೆಯೊಳಗಿನ ಲೆಕ್ಕ ಇನ್ನೂ ಸೂಕ್ಷ್ಮವಾದುದು. ಮೊರದಲ್ಲಿ ಕೇರಿ ಜೋಳವನ್ನು ಹಸನು ಮಾಡುವಾಗ ಮುಂದೆ ಹಾರುವ ಹೊಟ್ಟು ಮತ್ತು ಹುಳು ತಿಂದ ಕಾಳು ಕೂತಲ್ಲಿಯೇ ಕೋಳಿಯ ಪಾಲಾಗುತ್ತಿದ್ದವು. ನುಚ್ಚು, ಅಂದರೆ ಬೇಯಿಸಿ ಅನ್ನದಂತೆ ಉಣ್ಣುವ ಒಡೆದ ಜೋಳ, ಬೇಕಾದಾಗ ಜೋಳವನ್ನು ನೀರು ಚಿಮುಕಿಸಿ ಒನಕೆಯಿಂದ ಕುಟ್ಟಿ ಮೇಲಿನ ಸಿಪ್ಪೆ ತೆಗೆದು ಬೀಸುಕಲ್ಲಿನಲ್ಲಿ ಒಡೆಯುತ್ತಿದ್ದರು. ಆಗ ತೌಡು ಸಿಗುತ್ತಿತ್ತು. ರೊಟ್ಟಿಯ ಹಿಟ್ಟನ್ನು ಬೀಸಿ ಸಾಣಿಗೆಯಲ್ಲಿ ಹಿಡಿದಾಗ ಅದರಲ್ಲಿ ನಿಲ್ಲುವ ತರಿಯೂ ವ್ಯರ್ಥವಾಗುತ್ತಿರಲಿಲ್ಲ. ಪಾತ್ರೆ ತೊಳೆದ ನೀರು, ಕಾಳು ತೊಳೆದ ನೀರು, ಅಂಬಲಿಯ ತಳ, ಕಾಯಿಪಲ್ಯದ ಸಿಪ್ಪೆ, ಇವೆಲ್ಲ ಒಂದು ಮಣ್ಣಿನ ಬಾನಿಯಲ್ಲಿ ಕೂಡುತ್ತಿದ್ದು ಅದಕ್ಕೆ ಮುಸುರೆ ಎಂದು ಹೆಸರು. ತಂಗಳ ರೊಟ್ಟಿ, ಅಂದರೆ ರಾತ್ರಿ ಉಳಿದ ರೊಟ್ಟಿಯನ್ನು ಮೊದಲು ಮನೆಯವರೇ ಬೆಳಿಗ್ಗೆ ತಿನ್ನುತ್ತಿದ್ದರಾದ್ದರಿಂದ ಅದರ ಚೂರು ಮಾತ್ರ ಪ್ರಾಣಿಗೆ ದೊರೆಯುತ್ತಿತ್ತು. ಇಷ್ಟಾದರೂ ಕೋಳಿಗೆ ಮನೆ ಹಾಕಿದ್ದು ಅದರ ಆಹಾರದ ಒಂದು ಭಾಗವಷ್ಟೇ; ಉಳಿದುದನ್ನು ಅದು ತಿಪ್ಪೆಯಲ್ಲಿ ಗಳಿಸುತ್ತಿತ್ತು. ಸಗಣಿ, ಕಸ, ಬೂದಿ ಕೊಳೆತು ಗೊಬ್ಬರವಾಗುವ ತಿಪ್ಪೆಯನ್ನು ಕೆದರಿ ಹುಳುಗಳನ್ನೂ, ದನ ಜೀರ್ಣಿಸದೆ ಬಿಟ್ಟ ಕಾಳುಗಳನ್ನೂ ಹೆಕ್ಕುವ ಕೋಳಿಗೆ ಸಾರವುಳ್ಳ ಆಹಾರ ಬಿಟ್ಟಿಯಾಗಿ ಸಿಕ್ಕಿ, ಹೊಲಕ್ಕೆ ಹೋಗುವ ಗೊಬ್ಬರ ತಿರುವಿದಂತಾಗುತ್ತಿತ್ತು. ಹೊಲ, ಕಣ, ಅಡುಗೆಮನೆ, ಕೊಟ್ಟಿಗೆ, ತಿಪ್ಪೆ, ಮತ್ತೆ ಹೊಲ ಎಂಬ ಈ ಸುತ್ತಿನಲ್ಲಿ ಕೋಳಿಯದು ಸಣ್ಣದಾದರೂ ತಪ್ಪದ ಜಾಗ.

ಇಂಥ ಸಾಕಣೆಯ ಒಡೆತನ ಬಹುಮಟ್ಟಿಗೆ ಹೆಣ್ಣುಮಕ್ಕಳದು. ಹೇಟೆ, ಅಂದರೆ ಹೆಣ್ಣುಕೋಳಿ, ಆರು ತಿಂಗಳು ದಾಟಿದ ಮೇಲೆ ಮೊಟ್ಟೆಯಿಡತೊಡಗುತ್ತದೆ. ಈ ಭಾಗದಲ್ಲಿ ಮೊಟ್ಟೆಗೆ ತತ್ತಿ ಎಂಬುದೇ ಬಳಕೆಯ ಮಾತು. ಜವಾರಿ ಹೇಟೆ, ಅಂದರೆ ಸ್ಥಳೀಯ ತಳಿಯದು, ವರ್ಷಕ್ಕೆ ಮೂರು ನಾಲ್ಕು ಸಲದಂತೆ, ಒಂದು ಸಲಕ್ಕೆ ಹತ್ತು ಹದಿನೈದರ ಸರಾಸರಿಯಲ್ಲಿ, 40 ರಿಂದ 60 ತತ್ತಿಗಳನ್ನು ಇಟ್ಟು ನಡುನಡುವೆ ಕಾವಿಗೆ ಕೂಡುತ್ತದೆ. ಬುಟ್ಟಿಯಲ್ಲಿ ಹುಲ್ಲೋ ಬೂದಿಯೋ ಹಾಸಿ ಹತ್ತು ಹನ್ನೆರಡು ತತ್ತಿಗಳ ಮೇಲೆ ಅದನ್ನು ಕೂಡಿಸಿದರೆ 21 ದಿನಗಳಿಗೆ ಮರಿಗಳು ಹೊರಬರುತ್ತವೆ; ಹದ್ದು, ಮುಂಗುಸಿ, ಬೆಕ್ಕುಗಳ ಪಾಲು ಹೋಗಿ ಬದುಕಿದ ಮರಿಗಳಲ್ಲಿ ಹೇಟೆಗಳನ್ನು ಉಳಿಸಿಕೊಂಡು ಹುಂಜಗಳನ್ನು ಮಾರುವುದು ಸಾಮಾನ್ಯ ರೂಢಿ. ಸಂತೆಯ ದಿನ ನಾಲ್ಕು ತತ್ತಿ ಮಾರಿ ಉಪ್ಪು, ಎಣ್ಣೆ, ಬಳೆ, ಮಕ್ಕಳ ಔಷಧಿಗಳ ಖರ್ಚು ತೂಗಿಸುವ ಈ ಆದಾಯವನ್ನು ಗಂಡಸರು ಕೇಳುವ ರೂಢಿಯಿರಲಿಲ್ಲವೆಂಬುದೇ ಇದರ ನಿಜವಾದ ಬೆಲೆ. ಹೊಲದ ಪತ್ರ, ಎತ್ತಿನ ವ್ಯಾಪಾರ, ಹತ್ತಿಯ ದುಡ್ಡು ಇವೆಲ್ಲ ಗಂಡಸರ ಕೈಯಲ್ಲಿದ್ದ ಸಮಾಜದಲ್ಲಿ ಹೆಣ್ಣೊಬ್ಬಳು ತನ್ನದೆಂದು ಹೇಳಿಕೊಳ್ಳಬಹುದಾದ ಆಸ್ತಿ ಇದೇ ಆಗಿತ್ತು, ಮತ್ತು ಚರಿತ್ರೆ ಇದನ್ನು ಮರೆತದ್ದಕ್ಕೂ ಅದು ಹೆಣ್ಣುಮಕ್ಕಳ ಆಸ್ತಿಯಾಗಿದ್ದುದಕ್ಕೂ ಸಂಬಂಧವಿಲ್ಲವೆಂದು ಹೇಳುವುದು ಕಷ್ಟ.

ಕೋಳಿ ಕೊಳ್ಳುವಷ್ಟೂ ಕೈಯಲ್ಲಿಲ್ಲದವರಿಗೆ ಪಾಲಿನ ಸಾಕಣೆ ದಾರಿಯಾಗಿತ್ತು. ಒಬ್ಬರು ತಮ್ಮ ಹೇಟೆಯನ್ನೋ ಆಡನ್ನೋ ಇನ್ನೊಬ್ಬರಿಗೆ ಸಾಕಲು ಕೊಟ್ಟು, ಹುಟ್ಟಿದ ಮರಿಗಳನ್ನು ಇಬ್ಬರೂ ಸಮನಾಗಿ ಹಂಚಿಕೊಳ್ಳುವ ಬಾಯಿಮಾತಿನ ಕರಾರು ಇದು. ಮೂಲದ ಪ್ರಾಣಿ ಕೊಟ್ಟವರದೇ ಆಗಿ ಉಳಿಯುತ್ತಿತ್ತು, ಸಾಕಿದವರು ತಮ್ಮ ಪಾಲಿನ ಮರಿಯಿಂದ ಸ್ವಂತ ಸಾಕಣೆಯನ್ನು ಆರಂಭಿಸುತ್ತಿದ್ದರು. ಸ್ವತಃ ಮಾಂಸ ತಿನ್ನದ ಮನೆಯವರೂ ಆಡನ್ನು ಪಾಲಿಗೆ ಕೊಡಬಹುದಾಗಿದ್ದುದರಿಂದ, ಕೇರಿಗಳ ನಡುವೆ ಊಟದ ಕಟ್ಟುಕಟ್ಟಳೆಗಳು ಹಾಕಿದ ಗೆರೆಯನ್ನು ಈ ಕರಾರು ದಾಟುತ್ತಿತ್ತು.

ರಾಮದುರ್ಗದ ಕಡೆ ಆಡಿಗೆ ಇರುವ ಪ್ರಾಬಲ್ಯಕ್ಕೆ ಕಾರಣ ಅದರ ಬಾಯಿ. ಕುರಿ ನೆಲದ ಹುಲ್ಲನ್ನು ಕಚ್ಚಿ ಮೇಯುತ್ತದೆ, ಆಡು ಕಾಲೆತ್ತಿ ನಿಂತು ಕಂಟಿಯ ಚಿಗುರನ್ನು ತಿನ್ನುತ್ತದೆ. ಹುಲ್ಲು ಒಣಗಿದ ಬೇಸಿಗೆಯಲ್ಲಿಯೂ ಜಾಲಿಯ ಕಾಯಿ, ಬೇವಿನ ಸೊಪ್ಪು, ಬಾರಿಯ ಎಲೆ ಅದಕ್ಕೆ ಸಾಕು. ಸಂಜೆ ಮನೆಗೆ ಬಂದಾಗ ಸಿಪ್ಪೆ, ರೊಟ್ಟಿಯ ಚೂರು, ನುಚ್ಚು ತೊಳೆದ ನೀರು ಸೇರಿದರೆ ಅದರ ಹೊಟ್ಟೆ ತುಂಬಿತು. ಐದು ತಿಂಗಳ ಗಬ್ಬ, ಹಲವು ಸಲ ಅವಳಿ ಮರಿ, ಮಕ್ಕಳಿಗೆ ಒಂದು ಬಟ್ಟಲು ಹಾಲು, ಕಷ್ಟ ಬಂದಾಗ ಅದೇ ದಿನ ಮಾರಿ ದುಡ್ಡು ಮಾಡಿಕೊಳ್ಳಬಹುದಾದ ಹೋತ, ಅಂದರೆ ಗಂಡು ಆಡು, ಇವು ಅದರ ಲಾಭಗಳು. ಮಳೆ ಕೈಕೊಟ್ಟ ವರ್ಷ ಎತ್ತು ಮಾರಿದರೆ ಮರುವರ್ಷದ ಬೇಸಾಯವೇ ನಿಲ್ಲುತ್ತದೆ, ಆಡು ಮಾರಿದರೆ ಬದುಕು ನಿಲ್ಲುವುದಿಲ್ಲ. 1876 ರಿಂದ 1878ರ ಬರಗಾಲದಂತಹ, ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳನ್ನು ಹಣಿದ ಕ್ಷಾಮಗಳನ್ನು ಕಂಡ ಸೀಮೆಯಲ್ಲಿ ಈ ಲೆಕ್ಕಾಚಾರ ಜೀವ ಉಳಿಸುವ ಲೆಕ್ಕಾಚಾರವಾಗಿತ್ತು. 1878ರ ಅರಣ್ಯ ಕಾಯ್ದೆಯ ನಂತರ ಕಾಯ್ದಿಟ್ಟ ಕಾಡುಗಳಲ್ಲಿ ಮೇಯಿಸುವುದಕ್ಕೆ ಅಡ್ಡಿಗಳು ಬಂದು, ಚಿಗುರು ಕಡಿಯುವ ಆಡು ಕಾಡಿನ ವೈರಿಯೆಂಬ ಮಾತು ಅಧಿಕಾರಿಗಳ ವಲಯದಲ್ಲಿ ಬೇರೂರಿತು. ಬಡವರ ಪ್ರಾಣಿಯ ಮೇಲಿನ ಆ ಆಪಾದನೆಯಲ್ಲಿ ಸತ್ಯದ ಅಂಶವಿದ್ದರೂ, ಕಾಡು ಕಡಿಮೆಯಾದದ್ದರ ಹೊಣೆಯನ್ನು ಅದೊಂದರ ಮೇಲೆ ಹೊರಿಸುವುದು ನ್ಯಾಯವಾಗಿರಲಿಲ್ಲ.

ಈ ಸೀಮೆಯಲ್ಲಿ ಪ್ರಾಣಿಯನ್ನು ಸಾಕಿ ತಿನ್ನುವುದರ ಬಗ್ಗೆ ನಡೆದ ಧರ್ಮಚಿಂತನೆ ಸಾವಿರ ವರ್ಷಗಳಿಗೂ ಹಳೆಯದು. ಸುಗಂಧವರ್ತಿ ಎಂಬ ಹೆಸರಿನಿಂದ ಶಾಸನಗಳಲ್ಲಿ ಕಾಣುವ ಸವದತ್ತಿಯು ಕೂಂಡಿ ಮೂರುಸಾವಿರ ಎಂಬ ನಾಡನ್ನು ಆಳಿದ ರಟ್ಟರ ರಾಜಧಾನಿಯಾಗಿತ್ತು, ಮತ್ತು ರಟ್ಟರು 13ನೆಯ ಶತಮಾನದವರೆಗೂ ಜೈನ ಬಸದಿಗಳಿಗೆ ಆಶ್ರಯ ಕೊಟ್ಟವರು. ಬಸದಿಗೂ ದೇಗುಲಕ್ಕೂ ಬಿಟ್ಟ ದಾನಗಳನ್ನು ಹೇಳುವ ಶಾಸನಗಳಲ್ಲಿ ಭೂಮಿ, ಎಣ್ಣೆ, ಧಾನ್ಯ, ವೀಳ್ಯದೆಲೆಗಳ ಲೆಕ್ಕ ಬರುವುದು ಸಹಜ, ಕೋಳಿ ಆಡುಗಳಿಗೆ ಅಲ್ಲಿ ಜಾಗವಿರುವುದು ಸಹಜವಲ್ಲ. ಅರಮನೆಯ ಕಡೆ ನೋಡಿದರೆ ಚಿತ್ರ ಬೇರೆ: ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿ ಮಾಂಸದ ಅಡುಗೆಗಳ ವಿವರವೂ, ಕೋಳಿಕಾಳಗ ಟಗರುಕಾಳಗಗಳನ್ನು ಅರಸನ ವಿನೋದಗಳೆಂದು ವರ್ಣಿಸುವ ಭಾಗಗಳೂ ಇವೆ. ಇವೆರಡರ ನಡುವಿನ ತಿಕ್ಕಾಟಕ್ಕೆ ಕನ್ನಡದಲ್ಲಿ ಅತ್ಯಂತ ಗಾಢವಾದ ರೂಪ ಕೊಟ್ಟದ್ದು 1209ರಲ್ಲಿ ಜನ್ನ ರಚಿಸಿದ ಯಶೋಧರ ಚರಿತೆ. ಜೀವಬಲಿ ಒಲ್ಲದ ಅರಸ ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಮಾರಿಗೆ ಬಲಿಕೊಟ್ಟು, ಸಂಕಲ್ಪದಲ್ಲಿಯೇ ಹಿಂಸೆಯಾಯಿತೆಂಬ ಕಾರಣಕ್ಕೆ ತಾಯಿಯೊಡನೆ ಜನ್ಮಜನ್ಮಾಂತರಗಳಲ್ಲಿ ಪ್ರಾಣಿಯಾಗಿ ತೊಳಲುವ ಕಥೆ ಅದು. ಆ ಜನ್ಮಗಳಲ್ಲೊಂದು ಕೋಳಿಯ ಜನ್ಮ. ಹಿತ್ತಿಲಿನ ಸಾಮಾನ್ಯ ಹಕ್ಕಿಯೊಂದನ್ನು ಇಷ್ಟು ಗಂಭೀರವಾದ ನೈತಿಕ ಪ್ರಶ್ನೆಯ ನಡುವೆ ನಿಲ್ಲಿಸಿದ ಕಾವ್ಯ ಕನ್ನಡದಲ್ಲಿ ಇನ್ನೊಂದಿಲ್ಲ.

ಮಲಪ್ರಭೆ ಕೃಷ್ಣೆಯನ್ನು ಕೂಡುವ ಕೂಡಲಸಂಗಮದೊಂದಿಗೆ ಹೆಸರು ಬೆಸೆದುಕೊಂಡ ಬಸವಣ್ಣನವರ ವಚನಗಳಲ್ಲಿ ಈ ಪ್ರಾಣಿಗಳು ಕಣ್ಣಾರೆ ಕಂಡವರ ನಿಖರತೆಯಿಂದ ಬರುತ್ತವೆ. ಬಲಿಗೆಂದು ತಂದ ಕುರಿ ತನ್ನ ಸಾವನ್ನರಿಯದೆ ಹಬ್ಬದ ಅಲಂಕಾರದ ಸೊಪ್ಪನ್ನು ತಿನ್ನುವುದು, ಕಾಳು ಕಂಡ ಕೋಳಿ ತಾನೊಂದೇ ತಿನ್ನದೆ ತನ್ನವರನ್ನು ಕೂಗುವುದು, ಇವನ್ನು ಅವರು ಮನುಷ್ಯರ ಮುಂದೆ ಹಿಡಿದರು. ಕಲ್ಯಾಣದ ಗಲಭೆಯ ನಂತರ ಉಳವಿಯ ಕಡೆ ಸಾಗಿದ ಶರಣರ ದಾರಿ ಕಿತ್ತೂರಿನ ಸೀಮೆಯಲ್ಲಿಯೇ ಹಾದುಹೋಯಿತೆಂಬ ನಂಬಿಕೆ ಕಾದರವಳ್ಳಿ, ಮುಗುಟಖಾನ ಹುಬ್ಬಳ್ಳಿಗಳ ಸ್ಥಳಪರಂಪರೆಯಲ್ಲಿದೆ. ಮುಂದೆ ಈ ಭಾಗದಲ್ಲಿ ಲಿಂಗಾಯತ ಮಠಗಳೂ ಒಕ್ಕಲುಗಳೂ ಬಲಗೊಂಡವು, ಕಿತ್ತೂರಿನ ದೇಸಾಯಿಗಳ ಮನೆತನವೂ ಲಿಂಗಾಯತ ಮನೆತನವೇ. ಇದರ ಪರಿಣಾಮವು ಮುಸುರೆಯ ಬಾನಿಯವರೆಗೂ ಮುಟ್ಟಿತು. ಲಿಂಗಾಯತ, ಜೈನ, ಬ್ರಾಹ್ಮಣ ಮನೆಗಳಲ್ಲಿ ತೌಡು ಮುಸುರೆಗಳು ಎಮ್ಮೆ ಆಕಳಿಗೆ ಹೋಗಿ ಹಾಲಾದವು. ಕುರುಬ, ಬೇಡ, ಮರಾಠ, ಮುಸಲ್ಮಾನ ಮನೆಗಳಲ್ಲಿಯೂ ದಲಿತರ ಕೇರಿಗಳಲ್ಲಿಯೂ ಅವೇ ತತ್ತಿ ಮಾಂಸಗಳಾದವು. ಜೋಳ ಒಂದೇ, ಬೀಸುವ ಕಲ್ಲು ಒಂದೇ, ಮಿಕ್ಕಿದ್ದು ಹೋಗುವ ದಾರಿ ಮಾತ್ರ ಎರಡು. 1884ರಲ್ಲಿ ಪ್ರಕಟವಾದ, ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಿಸಿದ ಮುಂಬಯಿ ಪ್ರಾಂತದ ಗೆಜೆಟಿಯರಿನ ಬೆಳಗಾವಿ ಸಂಪುಟವು, ಆಗ ಸಂಪಗಾವಿ ಮತ್ತು ಪರಸಗಡ ತಾಲ್ಲೂಕುಗಳೆನಿಸಿದ್ದ ಕಿತ್ತೂರು, ಬೈಲಹೊಂಗಲ, ಸವದತ್ತಿ ಭಾಗಗಳನ್ನು ಒಳಗೊಂಡು, ಸಮುದಾಯ ಸಮುದಾಯದ ನಿತ್ಯದ ಊಟವನ್ನೂ ಹಬ್ಬದ ಊಟವನ್ನೂ ಬೇರೆಬೇರೆಯಾಗಿ ದಾಖಲಿಸಿತು. ಮಾಂಸ ತಿನ್ನುವವರಿಗೂ ನಿತ್ಯದ ಊಟ ಜೋಳದ ರೊಟ್ಟಿ, ಬೇಳೆ, ಪಲ್ಯಗಳೇ ಆಗಿದ್ದವು.

ಮಾಂಸದ ಊಟ ಅಪರೂಪದ್ದಾಗಿದ್ದುದರಿಂದ ಅದಕ್ಕೆ ಒಂದು ನಿಮಿತ್ತ ಬೇಕಾಗುತ್ತಿತ್ತು, ಮತ್ತು ಆ ನಿಮಿತ್ತ ಹೆಚ್ಚಾಗಿ ಹರಕೆ. ಮಗುವಿಗೆ ಜ್ವರ ಬಂದಾಗ, ದನ ಕಳೆದಾಗ ದ್ಯಾಮವ್ವನಿಗೋ ದುರ್ಗವ್ವನಿಗೋ ಕೋಳಿ ಅಥವಾ ಹೋತವನ್ನು ಬೇಡಿಕೊಂಡರೆ ಆ ಪ್ರಾಣಿ ಅಂದಿನಿಂದ ದೇವರದು, ಅದನ್ನು ಮಾರುವಂತಿಲ್ಲ. ದೇವರಿಗೆ ಬಿಟ್ಟ ಹೋತವು ಊರೊಳಗೆ ತನ್ನಿಷ್ಟದಂತೆ ತಿರುಗಿದರೂ ಯಾರೂ ಹೊಡೆಯುತ್ತಿರಲಿಲ್ಲ, ಅದಕ್ಕೆ ರೊಟ್ಟಿ ಹಾಕುವುದು ಎಲ್ಲ ಮನೆಗಳ ಕೆಲಸವಾಗಿ, ಹಲವು ವರ್ಷಕ್ಕೊಮ್ಮೆ ನಡೆಯುವ ಗ್ರಾಮದೇವತೆಯ ಜಾತ್ರೆಯ ಹೊತ್ತಿಗೆ ಅದು ಇಡೀ ಊರಿನ ಅಡುಗೆಮನೆಗಳಿಂದ ಬೆಳೆದ ಪ್ರಾಣಿಯಾಗಿರುತ್ತಿತ್ತು. ಕೊಯ್ಯುವುದಕ್ಕೆ ಹಿಂದೂ ಮನೆಗಳವರೂ ಊರಿನ ಮುಲ್ಲಾನನ್ನು ಕರೆಯುವ ರೂಢಿ ಅನೇಕ ಕಡೆ ಇತ್ತು. ಅವನಿಗೆ ಸಲ್ಲುವ ಪಾಲು ಗೊತ್ತಾಗಿತ್ತು. ಇದೇ ಸೀಮೆಯ ಅತಿ ದೊಡ್ಡ ದೇವಿಕ್ಷೇತ್ರವಾದ ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಾದರೋ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಚಕ್ಕಡಿ ಕಟ್ಟಿಕೊಂಡು ಬಂದ ಭಕ್ತರು ಪಡ್ಡಲಗಿ ತುಂಬಿಸಲು, ಅಂದರೆ ಬಿದಿರಿನ ಬುಟ್ಟಿಯಲ್ಲಿ ದೇವಿಗೆ ಎಡೆ ಅರ್ಪಿಸಲು, ಮಾಡುವ ಅಡುಗೆ ಹೋಳಿಗೆ ಕಡಬುಗಳದು. 1956ರಲ್ಲಿ ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದ ಮೂರು ವರ್ಷಗಳಿಗೆ, 1959ರಲ್ಲಿ, ಪ್ರಾಣಿಬಲಿ ತಡೆ ಕಾಯ್ದೆ ಬಂತು. 1975ರಲ್ಲಿ ಅದನ್ನು ತಿದ್ದಿ ಬಿಗಿಗೊಳಿಸಲಾಯಿತು. ಗುಡಿಯ ಮುಂದಿನ ಬಲಿ ನಿಂತ ಕಡೆಗಳಲ್ಲಿ ಬೂದುಗುಂಬಳವನ್ನು ಒಡೆಯುವ ಕ್ರಮ ಅದರ ಜಾಗಕ್ಕೆ ಬಂದರೆ, ಹರಕೆಯ ಕೋಳಿ ಗುಡಿಯಿಂದ ಮನೆಯ ಅಂಗಳಕ್ಕೆ ಸರಿಯಿತು.

ಹಂದಿಸಾಕಣೆಯ ಕಥೆ ಇದೇ ಊರುಗಳ ಅಂಚಿನಲ್ಲಿ ನಡೆದದ್ದು. ಬುಟ್ಟಿ ಹೆಣೆಯುವ, ಜಾತ್ರೆ ಮದುವೆಗಳಲ್ಲಿ ಸನಾದಿ ಊದುವ ಕೊರವರು ಊರ ಕಸವನ್ನೇ ಮೇವು ಮಾಡಿ ಹಂದಿ ಸಾಕಿದರು. 1871ರ ಅಪರಾಧಿ ಬುಡಕಟ್ಟು ಕಾಯ್ದೆಯ ದೆಸೆಯಿಂದ ದೇಶದ ಹಲವು ಕಡೆ ಕೊರವರ ಗುಂಪುಗಳು ಹುಟ್ಟಿನಿಂದಲೇ ಕಳ್ಳರೆಂಬ ಪಟ್ಟ ಹೊತ್ತವು; 1952ರಲ್ಲಿ ಆ ಕಾಯ್ದೆ ರದ್ದಾಯಿತು. ಎಲ್ಲರೂ ಬಿಸಾಡಿದ್ದರಿಂದ ಬದುಕು ಕಟ್ಟಿಕೊಂಡ ಜನರನ್ನು ಊರು ಆ ಬಿಸಾಡಿದ ವಸ್ತುವಿನಂತೆಯೇ ಕಂಡದ್ದು ಈ ಚರಿತ್ರೆಯ ಕರಾಳ ಪುಟ.

ಮನೆಸಾಕಣೆಗೆ ಕಾಲದಿಂದ ಕಾಲಕ್ಕೆ ಬಿದ್ದ ದೊಡ್ಡ ಪೆಟ್ಟು ರೋಗದ್ದು. ಬೇಸಿಗೆಯಲ್ಲಿ ಕೋಳಿಗೆ ಬ್ಯಾನಿ ಬಿತ್ತೆಂದರೆ ಓಣಿಯ ಕೋಳಿಗಳೆಲ್ಲ ಹಸಿರು ಭೇದಿಯಾಗಿ, ಕುತ್ತಿಗೆ ತಿರುಚಿಕೊಂಡು, ನಾಲ್ಕೈದು ದಿನಗಳಲ್ಲಿ ಸಾಯುತ್ತಿದ್ದವು. ಕನ್ನಡದಲ್ಲಿ ಕೊಕ್ಕರೆ ರೋಗವೆಂದು ಕರೆಯುವ ಇದನ್ನು ಭಾರತದಲ್ಲಿ 1920ರ ದಶಕದ ಕೊನೆಯಲ್ಲಿ ಹಿಮಾಲಯದ ತಪ್ಪಲಿನ ರಾನಿಖೇತಿನಲ್ಲಿ ಗುರುತಿಸಿದ್ದರಿಂದ ಆ ಊರಿನ ಹೆಸರೇ ರೋಗಕ್ಕೆ ನಿಂತಿತು. 1940ರ ದಶಕದಲ್ಲಿ ಮುಕ್ತೇಶ್ವರದ ಪಶುವೈದ್ಯ ಸಂಸ್ಥೆ ಲಸಿಕೆ ಸಿದ್ಧಪಡಿಸಿತು. ಆದರೆ ನೂರಾರು ಕೋಳಿಗಳಿಗಾಗುವಷ್ಟು ಲಸಿಕೆಯನ್ನು ಒಂದೇ ಸೀಸೆಯಲ್ಲಿ ತುಂಬಿ, ತಂಪಿನಲ್ಲಿಡಬೇಕೆಂಬ ಕಟ್ಟುಪಾಡು ನಾಲ್ಕು ಕೋಳಿಯ ಒಡತಿಗೆ ಹೊಂದುವಂಥದಾಗಿರಲಿಲ್ಲ. ಹೀಗಾಗಿ ವಿಜ್ಞಾನದ ಈ ಫಲ ದೊಡ್ಡ ಫಾರಮ್ಮುಗಳಿಗೆ ದಕ್ಕಿದಷ್ಟು ಸಲೀಸಾಗಿ ಹಿತ್ತಿಲಿಗೆ ದಕ್ಕಲಿಲ್ಲ.

1960ರ ದಶಕದಿಂದ ಸರಕಾರ ಹಿತ್ತಿಲಿನ ಕಡೆ ನೋಡತೊಡಗಿತು. ಯುನಿಸೆಫ್ ನೆರವಿನ ಅನ್ವಯಿಕ ಪೌಷ್ಟಿಕ ಆಹಾರ ಕಾರ್ಯಕ್ರಮದಡಿ ಹಳ್ಳಿಗಳಲ್ಲಿ ಕೈತೋಟದೊಂದಿಗೆ ಕೋಳಿಸಾಕಣೆಯನ್ನೂ ಬೆಳೆಸುವ ಯತ್ನ ದೇಶದ ಹಲವೆಡೆ ನಡೆದು, ಲೆಗ್‌ಹಾರ್ನ್, ರೋಡ್ ಐಲೆಂಡ್ ರೆಡ್ ಮೊದಲಾದ ವಿದೇಶಿ ತಳಿಗಳು ಹಂಚಿಕೆಯಾದವು. ಬಿಳಿ ಲೆಗ್‌ಹಾರ್ನ್ ಹೆಚ್ಚು ತತ್ತಿ ಇಡುವುದು ದಿಟವಾದರೂ ಬಿಳಿಯ ಬಣ್ಣದಿಂದ ಹದ್ದಿನ ಕಣ್ಣಿಗೆ ಬೇಗ ಬೀಳುತ್ತದೆ, ತೂಗಿಕೊಟ್ಟ ಮೇವಿಲ್ಲದೆ ಬಡಕಲಾಗುತ್ತದೆ, ಕಾವಿಗೆ ಕೂಡುವುದಿಲ್ಲ. ತಿಪ್ಪೆಯ ಮೇಲೆ ಬದುಕುವ ಹಕ್ಕಿಗೆ ಬೇಕಾದ ಗುಣಗಳು ಬೇರೆಯೆಂಬುದನ್ನು ಅರಿತು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನ ವಿಜ್ಞಾನಿಗಳು ರೂಪಿಸಿದ ಗಿರಿರಾಜ ತಳಿಯು 1989ರಲ್ಲಿ ಬಿಡುಗಡೆಯಾಯಿತು. ಬಣ್ಣಬಣ್ಣದ ಗರಿ, ಜವಾರಿಗಿಂತ ಎರಡು ಪಟ್ಟಿಗೂ ಮೀರಿದ ತತ್ತಿ, ಹೆಚ್ಚಿನ ತೂಕ, ಮನೆಯ ಕಸಕಡ್ಡಿ ತಿಂದು ಬೆಳೆಯುವ ಶಕ್ತಿ ಅದಕ್ಕಿದ್ದವು. ಆದರೆ ಅದೂ ಕಾವಿಗೆ ಕೂಡದ ಕೋಳಿ, ಅದರ ಮರಿಗಳಲ್ಲಿ ತಾಯಿಯ ಗುಣ ಪೂರ್ತಿ ಉಳಿಯುವುದೂ ಇಲ್ಲ. ಜವಾರಿ ಹೇಟೆಯೊಂದಿದ್ದರೆ ಸಾಕಣೆ ತಾನೇ ಮುಂದುವರಿಯುತ್ತಿತ್ತು. ಹೊಸ ತಳಿಗೆ ಪ್ರತಿ ಸಲವೂ ಮರಿಗಳನ್ನು ಕೊಂಡು ತರಬೇಕಾಯಿತು.

ಇದಕ್ಕಿಂತ ದೊಡ್ಡ ಬದಲಾವಣೆ ಜೋಳದ ಕಡೆಯಿಂದ ಬಂತು. 1970ರ ದಶಕದಲ್ಲಿ ಸವದತ್ತಿಯ ಬಳಿಯ ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ನೀರು ಕಾಲುವೆಗಳಲ್ಲಿ ಹರಿಯತೊಡಗಿತು. ಅದೇ ದಶಕದಲ್ಲಿ ಧಾರವಾಡದಲ್ಲಿ ಬಿ. ಎಚ್. ಕಟರಕಿಯವರು ರೂಪಿಸಿದ ವರಲಕ್ಷ್ಮಿ, ಆ ಮೇಲೆ ಡಿ.ಸಿ.ಎಚ್. 32 ಎಂಬ ಹೈಬ್ರಿಡ್ ಹತ್ತಿಗಳು ಎರೆಹೊಲಗಳನ್ನು ಹಿಡಿದವು, ಮುಂದೆ ಗೋವಿನಜೋಳ, ಕಬ್ಬುಗಳು ಹರಡಿದವು. ಹತ್ತಿಯ ಹೊಲದಲ್ಲಿ ಕೋಳಿಗೆ ಹಕ್ಕಲಿಲ್ಲ. ಇದ್ದುದು ಎಣ್ಣೆ ಹೊಡೆದ, ಅಂದರೆ ಕೀಟನಾಶಕ ಸಿಂಪಡಿಸಿದ ಎಲೆಯ ಹುಳು. ಓಣಿಗೊಂದು ಹಿಟ್ಟಿನ ಗಿರಣಿ ಬಂದು ಒನಕೆ ಬೀಸುಕಲ್ಲುಗಳು ಮೂಲೆ ಸೇರಿದವು, ಹಗೇವುಗಳನ್ನು ಮುಚ್ಚಿ ಮನೆ ಕಟ್ಟಿದರು, ರಾಶಿಯ ಯಂತ್ರ ಹೊಲಕ್ಕೇ ಹೋಗಿ ಕಾಳನ್ನು ಚೀಲಕ್ಕೆ ತುಂಬಿತು, ಪಡಿತರದ ಅಕ್ಕಿ ಪಾಲಿಶ್ ಆಗಿಯೇ ಮನೆಗೆ ಬಂತು. ಹಿಂದೆ ಹತ್ತು ಹಂತಗಳಲ್ಲಿ ಮನೆಯೊಳಗೇ ಉದುರುತ್ತಿದ್ದ ಕಾಳು ತೌಡುಗಳು ಈಗ ಗಿರಣಿಯಲ್ಲಿ, ಕಾರಖಾನೆಯಲ್ಲಿ ಒಟ್ಟಾಗಿ, ಮೇವಿನ ಚೀಲಗಳಾಗಿ ಬೆಲೆ ಕಟ್ಟಿಸಿಕೊಂಡು ಮರಳಿದವು. ಸುಮಾರು ನಲವತ್ತು ದಿನಗಳಲ್ಲಿ ಎರಡು ಕಿಲೋ ತೂಗುವ ಬ್ರಾಯ್ಲರ್ ಕೋಳಿ ತಿನ್ನುವುದು ಅಂಥ ಮೇವನ್ನೇ, ಮತ್ತು ಅದರ ಮುಖ್ಯ ಭಾಗ ಗೋವಿನಜೋಳ. ಹಿತ್ತಿಲಿನ ಕೋಳಿಯ ಬುಡ ಸಡಿಲಿಸಿದ ಬೆಳೆಯೇ ಫಾರಮ್ಮಿನ ಕೋಳಿಯನ್ನು ಬೆಳೆಸಿತು.

ಇಷ್ಟಾಗಿಯೂ ಮನೆಸಾಕಣೆ ಅಳಿದಿಲ್ಲ, ಅದರ ಅರ್ಥ ಬದಲಾಗಿದೆ. ಬ್ರಾಯ್ಲರ್ ಮಾಂಸ ವಾರವಾರವೂ ಕೈಗೆಟಕುವಂತಾದ ಮೇಲೆ ಜವಾರಿ ಕೋಳಿ, ಜವಾರಿ ತತ್ತಿಗಳಿಗೆ ಅದಕ್ಕಿಂತ ಬಹಳ ಹೆಚ್ಚಿನ ಬೆಲೆ ಬಂದಿದ್ದು, ಬೈಲಹೊಂಗಲ, ಸವದತ್ತಿಯಂಥ ಊರುಗಳ ಕೊಳ್ಳುವವರು ಅದನ್ನು ಹುಡುಕಿಕೊಂಡು ಹೋಗುತ್ತಾರೆ. ಒಂದು ಕಾಲಕ್ಕೆ ಬಡವರ ಹಿತ್ತಿಲಿನದಾಗಿದ್ದ ಹಕ್ಕಿ ಈಗ ಉಳ್ಳವರ ಊಟದ ವಿಶೇಷವಾಗಿ, ಸಾಕಿದವರು ಅದನ್ನು ಮಾರಿ ಬ್ರಾಯ್ಲರ್ ಕೊಂಡು ತರುವ ಸ್ಥಿತಿಯೂ ಉಂಟು. ರಾಮದುರ್ಗದ ಮರಳುಗಲ್ಲಿನ ದಿಬ್ಬಗಳಲ್ಲಿ ಕಾಲುವೆ ಮುಟ್ಟದ ಹಳ್ಳಿಗಳು ಆಡನ್ನು ಬಿಟ್ಟಿಲ್ಲ. ಗಿರಿರಾಜದಂಥ ತಳಿಗಳನ್ನು ಸಾಕುವವರು ಅವುಗಳ ತತ್ತಿಗಳನ್ನು ಮರಿ ಮಾಡಿಸಲು ಜವಾರಿ ಹೇಟೆಯನ್ನೇ ಕಾವಿಗೆ ಕೂಡಿಸುವುದರಿಂದ, ಸುಧಾರಿತ ತಳಿಯ ಹಿತ್ತಿಲಿನಲ್ಲಿಯೂ ಹಳೆಯ ತಳಿಯ ಒಂದೆರಡು ಹೇಟೆಗಳನ್ನು ಉಳಿಸಿಕೊಳ್ಳಬೇಕಾಗಿದೆ. ಅವುಗಳಿಗೆ ಹಾಕುವ ನುಚ್ಚು ಮಾತ್ರ ಬಹಳಷ್ಟು ಮನೆಗಳಲ್ಲಿ ಈಗ ಕಿರಾಣಿ ಅಂಗಡಿಯಿಂದ ಬರುತ್ತದೆ.